ಜಾಹೀರಾತು ಪಟ್ಟಿಯ ಕೆಳಗಿನ ಮಾತು

ಜನವರಿಯ ಕೊನೆಯ ಭಾನುವಾರ, ಮಧ್ಯಾಹ್ನ ಎರಡು ಗಂಟೆ ನಲವತ್ತು ನಿಮಿಷ. ಸಂಜಯನಗರದ ನಮ್ಮ ಮಹಡಿ ಮನೆಯಲ್ಲಿ ಅಮ್ಮನ ಮಂಚದ ಪಕ್ಕಕ್ಕೆ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಮೊದಲನೇ ಭಾಗ ಶುರು ಮಾಡಿದೆ. ಚಿಕ್ಕಂದಿನಲ್ಲಿ ಅಕ್ಕನ ಜೊತೆ ನೋಡಿದ್ದ ಒಂದು ವಿಜ್ಞಾನ ಕಥೆಯ ಸಿನಿಮಾ ಸರಣಿ ಅದು. ಹೊತ್ತು ಬರೆದಿಟ್ಟುಕೊಳ್ಳುವುದು ನನ್ನ ಅಭ್ಯಾಸ. ನಾಗಸಂದ್ರದ ಹತ್ತಿರ ನೀರು ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ನನ್ನ ಕೆಲಸ. ಬಾಟಲಿ ಬಂದ ಹೊತ್ತು ಬರೆಯದಿದ್ದರೆ ಅದರೊಳಗಿನ ನೀರನ್ನು ಚೆಲ್ಲಬೇಕಷ್ಟೆ. ಆ ಚಾಳಿ ಮನೆಗೂ ಬಂದುಬಿಟ್ಟಿದೆ.

ಸಿನಿಮಾ ನೋಡುವಂಥ ದಿನಗಳಾಗಿರಲಿಲ್ಲ ಅವು. ಡಿಸೆಂಬರ್ ಮೊದಲ ವಾರ ಅಮ್ಮನಿಗೆ ಸ್ಟ್ರೋಕ್ ಆಗಿತ್ತು. ಹೊಲಿಗೆ ಮೆಷಿನ್ ಮುಂದೆ ಕುಳಿತಿದ್ದವಳು ಹಾಗೇ ಪಕ್ಕಕ್ಕೆ ವಾಲಿದ್ದಳು. ಕೈಕಾಲು ಉಳಿದವು, ಬಲಗೈ ಸ್ವಲ್ಪ ಎಳೆಯುತ್ತಿತ್ತು. ಹೋದದ್ದು ಮಾತು. ಹೋಯಿತು ಎಂದರೂ ಸರಿಯಾಗುವುದಿಲ್ಲ, ಏಕೆಂದರೆ ಅಮ್ಮ ಮೊದಲಿಗಿಂತ ಹೆಚ್ಚು ಮಾತಾಡತೊಡಗಿದ್ದಳು. ಪಕ್ಕದ ಕೋಣೆಯಿಂದ ಕೇಳಿದರೆ ಅಮ್ಮನದೇ ದನಿ, ಅದೇ ಏರಿಳಿತ, ಗಿರಾಕಿಗಳ ಮೇಲೆ ಬೇಜಾರಾದಾಗ ಕೊನೆಯಲ್ಲಿ ಎಳೆಯುವ ರಾಗವೂ ಅದೇ. ಹತ್ತಿರ ಹೋಗಿ ಕೇಳಿದರೆ ಒಂದು ಪದವೂ ಪದವಲ್ಲ. ಬುದ್ಧಿ ಇದೆ, ಭಾಷೆ ಕಳಚಿಕೊಂಡಿದೆ ಎಂದು ಡಾಕ್ಟರ್ ಹೇಳಿದರು. ನಾವು ಹೇಳಿದ್ದು ಅವಳಿಗೆ ಎಷ್ಟು ತಿಳಿಯುತ್ತದೆ ಎಂದು ಹೇಳುವುದೂ ಕಷ್ಟವಂತೆ. ತಲೆಯಾಡಿಸಿದರೆ ಅದನ್ನು ಹೌದು ಎಂದುಕೊಳ್ಳಬೇಡಿ ಎಂದರು.

ಅದೇ ಡಾಕ್ಟರ್ ಇನ್ನೊಂದು ವಿಷಯವನ್ನೂ ಹೇಳಿದ್ದರು. ಅಮ್ಮನ ಕುತ್ತಿಗೆಯ ಎಡಗಡೆಯ ರಕ್ತನಾಳ ಕಿರಿದಾಗಿದೆ. ಆಪರೇಷನ್ ಮಾಡಿ ಬಿಡಿಸಬಹುದು. ಹಾಗೇ ಬಿಟ್ಟರೆ ಇನ್ನೊಂದು ಸ್ಟ್ರೋಕ್ ಬಂದೀತು, ಮಾಡಿದರೆ ಟೇಬಲ್ಲಿನ ಮೇಲೇ ಏನಾದರೂ ಆದೀತು. ಎರಡರಲ್ಲಿ ಯಾವುದು ಬೇಕು ಎಂದು ಫೆಬ್ರವರಿ ಎರಡನೇ ವಾರದೊಳಗೆ ಮನೆಯವರು ಹೇಳಬೇಕಿತ್ತು. ಮನೆಯವರೆಂದರೆ ಅಕ್ಕ ಮತ್ತು ನಾನು. ಅಪ್ಪ ನಾನು ಮೂರನೇ ಕ್ಲಾಸಿನಲ್ಲಿದ್ದಾಗಲೇ ತೀರಿಹೋಗಿದ್ದರು.

ಡಾಕ್ಟರ್ ಒಂದು ಕಾಗದದ ಮೇಲೆ ಕುತ್ತಿಗೆಯ ಚಿತ್ರ ಬರೆದು ಅಮ್ಮನಿಗೂ ತೋರಿಸಿದ್ದರು. ಅಮ್ಮ ಅದನ್ನು ನೋಡಿದಳು, ಉದ್ದಕ್ಕೆ ಏನೋ ಹೇಳಿದಳು, ಆಮೇಲೆ ಹೊದಿಕೆಯ ಅಂಚನ್ನು ಮಡಚಿ ಹೆಬ್ಬೆರಳಿನ ಉಗುರಿನಿಂದ ಗೀರಿದಳು. ಬಟ್ಟೆಗೆ ಗುರುತು ಹಾಕಲು ಅವಳು ಯಾವತ್ತೂ ಸೀಮೆಸುಣ್ಣ ಹುಡುಕಿದವಳಲ್ಲ. ಉಗುರಿನ ಗೀರೇ ಗುರುತು.

ಅಮ್ಮನನ್ನು ಹಿಡಿದುಕೊಂಡು ಆಸ್ಪತ್ರೆಯ ಮೆಟ್ಟಿಲಿಳಿಯುತ್ತಾ ಅಕ್ಕ ಹೇಳಿದಳು, "ಅಮ್ಮ ಬೇಡ ಅಂತಾಳೆ ಕಣೋ."

"ಯಾವಾಗ ಅಂದ್ಳು?"

"ಈಗ ತಾನೇ. ನೀನೂ ಅಲ್ಲೇ ಇದ್ಯಲ್ಲ."

"ಇದ್ದೆ. ನಂಗೇನೂ ಗೊತ್ತಾಗ್ಲಿಲ್ಲ."

"ಗೀರಿದ್ದು ನೋಡ್ಲಿಲ್ವಾ? ಅಳತೆ ತಪ್ಪಿದ್ದಾಗ ಹಾಗೇ ಮಾಡ್ತಾಳೆ. ಇಲ್ಲಿಗೇ ನಿಲ್ಸಿ ಅಂತ."

"ಕತ್ತರಿಸೋಕ್ ಮುಂಚೆನೂ ಹಾಗೇ ಗೀರ್ತಾಳಲ್ಲ ಅಕ್ಕಾ."

ಅಕ್ಕ ಆಟೋ ಕರೆದಳು. ಆಟೋದಲ್ಲಿ ಹೆಬ್ಬಾಳದ ಸಿಗ್ನಲ್ ಬರುವ ತನಕ ಅಮ್ಮ ಒಬ್ಬಳೇ ಮಾತಾಡುತ್ತಿದ್ದಳು.

ಆಮೇಲಿನ ವಾರಗಳಲ್ಲಿ ಮನೆಯಲ್ಲಿ ಅಕ್ಕನೇ ಅಮ್ಮನ ಮಾತು ಹೇಳುವವಳಾದಳು. ಅಮ್ಮ ಒಂದಷ್ಟು ಹೇಳಿದ ಕೂಡಲೇ, ಸಾರಿಗೆ ಉಪ್ಪು ಜಾಸ್ತಿಯಂತೆ, ಕಿಟಕಿ ಹಾಕಬೇಕಂತೆ, ಆರ್.ಟಿ. ನಗರದ ಆಂಟಿಯ ಬ್ಲೌಸ್ ಹಾಗೇ ಉಳಿದಿದೆಯಂತೆ ಎಂದು ಅಕ್ಕ ನನಗೆ ಹೇಳುತ್ತಿದ್ದಳು. ನಾನು ಕಿಟಕಿ ಹಾಕುತ್ತಿದ್ದೆ. ಕಿಟಕಿ ಹಾಕಿದ ಮೇಲೆ ಅಮ್ಮ ಸುಮ್ಮನಾಗುತ್ತಿದ್ದದ್ದೂ ನಿಜ, ಇನ್ನೂ ಜೋರಾಗಿ ಮಾತಾಡುತ್ತಿದ್ದದ್ದೂ ನಿಜ. ಒಂದು ವಾರ ಗುರುತು ಹಾಕಿಕೊಂಡು ನೋಡಿದೆ. ಹೆಚ್ಚುಕಡಿಮೆ ಅರ್ಧಕ್ಕರ್ಧ ಬಂತು. ಅರ್ಧದಿಂದ ಏನನ್ನೂ ತೀರ್ಮಾನಿಸಲು ಆಗುವುದಿಲ್ಲ.

ಅಕ್ಕನಿಗೆ ಇದು ಹೇಗೆ ತಿಳಿಯುತ್ತದೆ ಎಂದು ಯೋಚಿಸುತ್ತಾ ಹೋದಾಗ ಆ ಸಿನಿಮಾ ಸರಣಿಯ ಮುದುಕಿ ನೆನಪಾದಳು.

ನಾನು ನಾಲ್ಕನೇ ಕ್ಲಾಸು, ಅಕ್ಕ ಪಿಯುಸಿ. ನಮ್ಮ ಏರಿಯಾದ ಕೇಬಲ್‌ನವರು ತಮ್ಮದೇ ಒಂದು ಚಾನೆಲ್ ನಡೆಸುತ್ತಿದ್ದರು. ಭಾನುವಾರ ಮಧ್ಯಾಹ್ನ ಹಿಂದಿಗೆ ಡಬ್ ಆದ ಒಂದು ಇಂಗ್ಲಿಷ್ ಸಿನಿಮಾದ ಡಿವಿಡಿ ಹಾಕುತ್ತಿದ್ದರು. ಆ ಸರಣಿಯ ನಾಲ್ಕು ಭಾಗಗಳನ್ನು ಅವರು ತಿರುಗಿಸಿ ತಿರುಗಿಸಿ ಹಾಕಿದರು. ನಾವೂ ತಿರುಗಿಸಿ ತಿರುಗಿಸಿ ನೋಡಿದೆವು. ಪರದೆಯ ಅಡಿಯಲ್ಲಿ ಹಳದಿ ಬಣ್ಣದ ಅಗಲವಾದ ಪಟ್ಟಿಯೊಂದರಲ್ಲಿ ಜಾಹೀರಾತು ಓಡುತ್ತಿತ್ತು. ಎರಡು ಬೆಡ್‌ರೂಮಿನ ಮನೆ ಬಾಡಿಗೆಗೆ ಇದೆ, ಗಣಿತ ವಿಜ್ಞಾನ ಟ್ಯೂಷನ್ ಹೇಳಿಕೊಡಲಾಗುವುದು, ಹೀಗೆ. ಕೇಬಲ್‌ನವರ ಹೆಂಡತಿಯ ಬ್ಲೌಸುಗಳನ್ನು ಅಮ್ಮನೇ ಹೊಲಿಯುತ್ತಿದ್ದುದರಿಂದ ನಮ್ಮದೂ ಒಂದು ಇತ್ತು: "ಬ್ಲೌಸ್, ಚೂಡಿದಾರ್ ಹೊಲಿದು ಕೊಡಲಾಗುವುದು. ಫಾಲ್ ಹಾಕಲಾಗುವುದು. ನೀರಿನ ಟ್ಯಾಂಕ್ ಎದುರು, ಮಹಡಿ ಮನೆ." ಅದು ಬರುವ ಹೊತ್ತಿಗೆ ನಾನು "ಅಮ್ಮಾ, ನಿಂದು ಬಂತು" ಎಂದು ಕೂಗುತ್ತಿದ್ದೆ. ಅಮ್ಮ ಮೆಷಿನ್ ನಿಲ್ಲಿಸಿ ಬಾಗಿಲ ಹತ್ತಿರ ಬಂದು, ಟ್ಯಾಂಕ್ ಎನ್ನುವ ತನಕ ಓದಿ, ವಾಪಸ್ ಹೋಗುತ್ತಿದ್ದಳು.

ಸಿನಿಮಾದ ಕಥೆ ಇಷ್ಟು. ಸುಟ್ಟುಹೋದ ಭೂಮಿಯನ್ನು ಬಿಟ್ಟು ಒಂದು ಹಡಗು ಆಕಾಶದಲ್ಲಿ ಹೊರಟಿದೆ. ದಾರಿ ಎಷ್ಟು ಉದ್ದವೆಂದರೆ ಜನರನ್ನೆಲ್ಲ ಗಾಜಿನ ಪೆಟ್ಟಿಗೆಗಳಲ್ಲಿ ನಿದ್ದೆ ಮಾಡಿಸಿದ್ದಾರೆ, ಪಾಳಿಯ ಮೇಲೆ ಕೆಲವರಷ್ಟೇ ಎಚ್ಚರ. ಪ್ರತಿ ಭಾಗದಲ್ಲೂ ಹೊಸ ನಾಯಕ, ಹೊಸ ಅಪಾಯ. ಬದಲಾಗದವಳು ಒಬ್ಬಳೇ, ಮಲಗಿದವರನ್ನು ನೋಡಿಕೊಳ್ಳುವ ಮುದುಕಿ. ಉಳಿದವರೆಲ್ಲ ಹಿಂದಿಯಲ್ಲಿ ಮಾತಾಡಿದರೆ ಅವಳದು ಮಾತ್ರ ಎಲ್ಲೂ ಇಲ್ಲದ ಭಾಷೆ, ಸಿನಿಮಾದವರೇ ಕಟ್ಟಿದ್ದು. ಪ್ರತಿ ಭಾಗದ ಕೊನೆಯಲ್ಲೂ ಅವಳು ಪೆಟ್ಟಿಗೆಗಳ ಸಾಲಿನ ನಡುವೆ ಸ್ಟೂಲ್ ಹಾಕಿಕೊಂಡು ಕುಳಿತು ಸುಮಾರು ಹೊತ್ತು ಮಾತಾಡುತ್ತಾಳೆ. ಅದರ ಅರ್ಥವನ್ನು ನಮಗೇ ಬಿಟ್ಟಿದ್ದಾರೆ ಎಂದು ನಾನು ತಿಳಿದಿದ್ದೆ. ಅರ್ಥ ಹೇಳುವವಳು ಅಕ್ಕ.

"ಆ ಹುಡುಗನಿಗೆ ಹೇಳ್ತಿದಾಳೆ ನೋಡು. ನಿಮ್ಮೂರಲ್ಲಿ ಇವತ್ತು ಮಳೆ ಬಂತು, ಒಣಗಿ ಹಾಕಿದ್ದ ಬಟ್ಟೆ ಎಲ್ಲಾ ಒಳಗೆ ತಂದಿದೀವಿ, ನೀನು ಏಳ್ಬೇಡ, ಮಲ್ಕೋ ಅಂತ."

"ಆ ಗಡ್ಡದವನಿಗೆ?"

"ಅವನಿಗಾ? ನಿನ್ನ ಮಗ ಫಸ್ಟ್ ಕ್ಲಾಸ್ ಪಾಸಾದ, ಸೈಕಲ್ ಕೊಡ್ಸಿದೀವಿ ಅಂತ."

ಅಕ್ಕ ಮಾತಿಗಷ್ಟೇ ಅರ್ಥ ಹೇಳುತ್ತಿರಲಿಲ್ಲ. ಮೊದಲನೇ ಭಾಗದಲ್ಲೂ ನಾಲ್ಕನೇ ಭಾಗದಲ್ಲೂ ಕಿಟಕಿಯಾಚೆ ಕಾಣುವ ನಕ್ಷತ್ರಗಳು ಒಂದೇ ಎಂದು ಕಂಡುಹಿಡಿದವಳು ಅವಳು. ಹಡಗು ಎಲ್ಲಿಗೂ ಹೋಗುತ್ತಿಲ್ಲ, ಅದು ಮುದುಕಿಗೆ ಗೊತ್ತು, ನಾಯಕರಿಗೆ ಗೊತ್ತಿಲ್ಲ ಎನ್ನುತ್ತಿದ್ದಳು. ಮುದುಕಿಯ ಮೇಜಿನ ಮೇಲೆ ಯಾವಾಗಲೂ ಎರಡು ಲೋಟ ಇರುತ್ತವೆ, ಇನ್ನೊಂದರಲ್ಲಿ ಯಾರೂ ಕುಡಿಯುವುದಿಲ್ಲ ಎಂದು ತೋರಿಸಿದವಳೂ ಅವಳೇ. ನಾನು ಇವನ್ನೆಲ್ಲ ಶಾಲೆಯಲ್ಲಿ ಹೇಳಿ ದೊಡ್ಡ ಮನುಷ್ಯನಾಗಿದ್ದೆ. ಸೆಟ್‌ಟಾಪ್ ಬಾಕ್ಸ್ ಬಂದ ವರ್ಷ ಆ ಚಾನೆಲ್ ನಿಂತುಹೋಯಿತು. ಐದನೇ ಭಾಗ ಆಮೇಲೆ ಬಂತು. ನಾವಿಬ್ಬರೂ ಅದನ್ನು ನೋಡಿರಲಿಲ್ಲ.

ಆ ಭಾನುವಾರ ಮೊದಲನೇ ಭಾಗದ ಕೊನೆಯ ದೃಶ್ಯ ಬಂದಾಗ ಗಂಟೆ ನಾಲ್ಕೂವರೆ ದಾಟಿತ್ತು. ಮುದುಕಿ ಸ್ಟೂಲ್ ಮೇಲೆ ಕುಳಿತು ಬಾಯಿ ತೆರೆದಳು. ಪರದೆಯ ಅಡಿಯಲ್ಲಿ ಬಿಳಿ ಅಕ್ಷರಗಳು ಮೂಡಿದವು.

ನಾನು ನಿಲ್ಲಿಸಿದೆ, ಹಿಂದಕ್ಕೆ ಹೋದೆ, ಮತ್ತೆ ಹಾಕಿದೆ. ಅವಳ ಪ್ರತಿ ಮಾತಿಗೂ ಇಂಗ್ಲಿಷ್ ಅನುವಾದ ಇತ್ತು, ಚಿತ್ರದ ಮೇಲೇ ಅಚ್ಚಾದದ್ದು. ಬೇಕೆಂದರೂ ತೆಗೆಯಲು ಬರುವಂಥದ್ದಲ್ಲ. ಅಂದರೆ ಕೇಬಲ್‌ನವರ ಡಿವಿಡಿಯಲ್ಲೂ ಅದು ಇದ್ದಿರಲೇಬೇಕು. ಅಕ್ಷರಗಳು ಬರುವ ಜಾಗ ಸರಿಯಾಗಿ ಆ ಹಳದಿ ಪಟ್ಟಿಯ ಜಾಗ. ಮುದುಕಿಯ ಮಾತಿನ ಮೇಲೆ ಬಾಡಿಗೆ ಮನೆ, ಟ್ಯೂಷನ್, ನಮ್ಮಮ್ಮನ ಬ್ಲೌಸ್ ಓಡುತ್ತಿದ್ದವು.

ಮುದುಕಿ ಹೇಳುತ್ತಿದ್ದದ್ದು ಹೀಗಿತ್ತು. ಮೊದಲನೇ ಸಾಲು, ಉಸಿರು ಸರಿ. ಎರಡನೇ ಸಾಲು, ನೀರು ಸರಿ. ಮೂರನೇ ಸಾಲಿನಲ್ಲಿ ಒಂದು ಪೆಟ್ಟಿಗೆ ತಣ್ಣಗಾಗಿದೆ, ಬೀಗ ಹಾಕಿದ್ದೇನೆ. ನನ್ನ ಪಾಳಿ ಮುಗಿಯಿತು. ಅಷ್ಟೇ. ಹುಡುಗನಿಗೆ ಮಳೆಯ ಸುದ್ದಿಯಿಲ್ಲ. ಗಡ್ಡದವನ ಮಗನಿಗೆ ಸೈಕಲ್ ಇಲ್ಲ. ತಣ್ಣಗಾದ ಪೆಟ್ಟಿಗೆ ಗಡ್ಡದವನದೇ.

ಆ ವಾರ ಸಂಜೆ ಗೊರಗುಂಟೆಪಾಳ್ಯದಲ್ಲಿ ಮೆಟ್ರೋ ಇಳಿದು ಬಸ್ಸಿಗೆ ಕಾಯುವಾಗಲೂ ಫೋನಿನಲ್ಲಿ ಉಳಿದ ಭಾಗಗಳನ್ನು ನೋಡಿದೆ. ಅಕ್ಕ ಅಂದು ಹೇಳಿದ್ದರಲ್ಲಿ ನೆನಪಿದ್ದವು ಹತ್ತೊಂಬತ್ತು. ಕಣ್ಣಿಂದ ಕಂಡು ಹೇಳಿದ್ದು ಎಂಟು, ಅವುಗಳಲ್ಲಿ ಆರು ನಿಂತವು. ನಕ್ಷತ್ರಗಳು ನಿಜವಾಗಿಯೂ ಒಂದೇ. ಹಣ ಉಳಿಸಲು ಅದೇ ಪರದೆಯನ್ನು ಮತ್ತೆ ಬಳಸಿರಬಹುದು, ಅದು ಬೇರೆ ಮಾತು. ಲೋಟಗಳೂ ಎರಡೇ. ಆದರೆ ಮುದುಕಿಯ ಮಾತು ಕೇಳಿ ಅಕ್ಕ ಹೇಳಿದ್ದು ಹನ್ನೊಂದು, ಅದರಲ್ಲಿ ಒಂದೂ ನಿಲ್ಲಲಿಲ್ಲ. ಲ್ಯಾಬಿನಲ್ಲಿ ಒಂದು ಯಂತ್ರ ಹೀಗೆ ಹನ್ನೊಂದಕ್ಕೆ ಹನ್ನೊಂದು ತಪ್ಪು ಹೇಳಿದರೆ ಅದು ಕೊಟ್ಟ ಹೊಸ ಲೆಕ್ಕವನ್ನು ನಾವು ಯಾರಿಗೂ ಕಳಿಸುವುದಿಲ್ಲ. ಅಕ್ಕನೋ, ಅಮ್ಮ ಆಪರೇಷನ್ ಬೇಡ ಎನ್ನುತ್ತಾಳೆ ಎಂದು ಹೇಳುತ್ತಲೇ ಇದ್ದಳು.

ನಾವಿಬ್ಬರೂ ಕೆಲಸಕ್ಕೆ ಹೋದಾಗ ಅಮ್ಮನ ಜೊತೆ ಇರುತ್ತಿದ್ದವರು ಕೆಳಗಿನ ಮನೆಯ ಖಾಲಾ. ಅವರ ಮನೆಮಾತು ಉರ್ದು, ನಮ್ಮ ಜೊತೆ ಕನ್ನಡ. ಅಮ್ಮನ ಜೊತೆ ಮಾತ್ರ ಈಗೀಗ ಉರ್ದುವಿನಲ್ಲೇ ಶುರು ಮಾಡಿದ್ದರು. ಒಂದು ದಿನ ಬೇಗ ಬಂದವನು ಬಾಗಿಲಲ್ಲೇ ನಿಂತೆ. ಖಾಲಾ ಒಂದು ಮಾತು, ಅಮ್ಮ ಒಂದು ಮಾತು, ನಡುವೆ ನಗು.

"ಏನ್ ಮಾತಾಡ್ತಿದ್ರಿ ಖಾಲಾ?"

"ನಾನು ನನ್ನ ಸೊಸೇನ ಬೈದೆ ಬೇಟಾ. ನಿಮ್ಮಮ್ಮನೂ ಯಾರನ್ನೋ ಚೆನ್ನಾಗಿ ಬೈದ್ರು."

"ಯಾರನ್ನ?"

"ನಂಗೇನ್ ಗೊತ್ತು? ನಿನ್ನನ್ನೇ ಇರ್ಬೇಕು."

"ಆಪರೇಷನ್ ಬಗ್ಗೆ ಏನಾದ್ರೂ ಅಂದ್ರಾ?"

ಖಾಲಾ ನಗು ನಿಲ್ಲಿಸಿದರು. "ಅದನ್ನ ನನ್ ಕೇಳ್ಬೇಡಪ್ಪಾ. ನಾನು ಹೂಂ ಹೂಂ ಅಂತೀನಿ ಅಷ್ಟೇ. ಅರ್ಥ ಆಗಿದ್ರೆ ಹೇಳ್ತಿರ್ಲಿಲ್ವಾ?"

ಫೆಬ್ರವರಿ ಮೊದಲ ಭಾನುವಾರ, ಮಧ್ಯಾಹ್ನ ಮೂರು ಗಂಟೆ. ಅಕ್ಕ ತಾನು ಕಲಿಸುವ ಶಾಲೆಯ ಪರೀಕ್ಷಾ ಪೇಪರುಗಳನ್ನು ತಿದ್ದಿ ಮುಗಿಸಿ, ಟೆರೇಸಿನಿಂದ ಬಟ್ಟೆ ತಂದು ಮಂಚದ ಮೇಲೆ ಮಡಚುತ್ತಿದ್ದಳು. ಒಂದು ಸೀನ್ ನೋಡು ಎಂದು ಲ್ಯಾಪ್‌ಟಾಪ್ ಅವಳ ಕಡೆ ತಿರುಗಿಸಿದೆ. ಮುದುಕಿಯನ್ನು ಕಂಡ ಕೂಡಲೇ ಅವಳ ಮುಖ ಅರಳಿತು. "ಅಯ್ಯೋ, ಇವಳು ಇನ್ನೂ ಇದಾಳಾ?" ಎಂದಳು. ಬಿಳಿ ಅಕ್ಷರಗಳು ಬಂದವು. ಅಕ್ಕ ಪೂರ್ತಿ ಓದಿದಳು. ಕೈಯಲ್ಲಿದ್ದ ದುಪಟ್ಟಾ ಅರ್ಧ ಮಡಚಿದ ಹಾಗೇ ಇತ್ತು.

"ನೀನು ಹೇಳಿದ್ದು ಬೇರೆ," ಎಂದೆ.

"ಹೂಂ."

"ಆಗ ಕೆಳಗೆ ಬರೆದಿದ್ದು ಕಾಣ್ಲಿಲ್ಲ ಅಲ್ವಾ? ಪಟ್ಟಿ ಇತ್ತು."

ಅಕ್ಕ ದುಪಟ್ಟಾವನ್ನು ಮತ್ತೆ ಬಿಡಿಸಿ ಮಡಚಿದಳು. "ಮೇಲ್ಗಡೆ ಒಂದೊಂದ್ಸಲ ಇಣುಕ್ತಿತ್ತು ಕಣೋ. ಬಿಳೀ ತುದಿಗಳು. ಏನೋ ಬರ್ದಿದಾರೆ ಅಂತ ಗೊತ್ತಾಗ್ತಿತ್ತು."

"ಮತ್ತೆ?"

"ಮತ್ತೇನು? ನೀನು ಪ್ರತಿ ವಾರ ಕೇಳ್ತಿದ್ದೆ, ಅಪ್ಪಂಗೂ ಹಿಂಗೇ ಯಾರಾದ್ರೂ ಪಕ್ಕ ಕೂತ್ಕೊಂಡು ಮಾತಾಡ್ಸ್ತಾರಾ ಅಂತ. ನಾನೇನ್ ಹೇಳ್ಲಿ? ಮಳೆ ಬಂತು ಅಂತ ಹೇಳ್ದೆ."

ಅಪ್ಪನ ಬಗ್ಗೆ ಹಾಗೆ ಕೇಳಿದ್ದು ನನಗೆ ನೆನಪಿಲ್ಲ. ನನ್ನ ಹತ್ತೊಂಬತ್ತರಲ್ಲಿ ಅದು ಇರಲೇ ಇಲ್ಲ. ಕೇಳಲೇಬೇಕಾದದ್ದನ್ನು ಕೇಳಿದೆ.

"ಅಕ್ಕಾ, ಆಪರೇಷನ್ ಬೇಡ ಅಂದಿದ್ದು ಅಮ್ಮನಾ, ನೀನಾ?"

ಅಮ್ಮ ದಿಂಬಿಗೆ ಒರಗಿ ನಮ್ಮಿಬ್ಬರನ್ನೂ ನೋಡುತ್ತಿದ್ದಳು. ಅಕ್ಕ ಅವಳ ಕಡೆ ತಿರುಗಲಿಲ್ಲ. "ಟೇಬಲ್ ಮೇಲೇ ಹೋಗ್ಬಿಟ್ರೆ?" ಎಂದಳು. ಅದು ನನಗೆ ಉತ್ತರವಾಗಿರಲಿಲ್ಲ, ಆದರೆ ಉತ್ತರ ಅದರಲ್ಲೇ ಇತ್ತು. ಆಮೇಲೆ ಬಹಳ ಮೆಲ್ಲಗೆ, "ಗೊತ್ತಿಲ್ಲ ಕಣೋ. ಕೆಲವು ಸಲ ನಿಜವಾಗ್ಲೂ ಗೊತ್ತಾಗತ್ತೆ ಅನ್ಸತ್ತೆ. ಯಾವ್ದು ಗೊತ್ತಾಗಿದ್ದು, ಯಾವ್ದು ನಾನೇ ಅಂದ್ಕೊಂಡಿದ್ದು, ಅದು ಗೊತ್ತಾಗಲ್ಲ," ಎಂದಳು.

ಏನು ಮಾಡುವುದೆಂದು ತೋಚದೆ ಐದನೇ ಭಾಗ ಹಾಕಿದೆ. ಮೂವರೂ ನೋಡಿದೆವು. ಅದರಲ್ಲಿ ಹಡಗಿನ ದೀಪಗಳು ಒಂದೊಂದಾಗಿ ಆರುತ್ತಾ ಬರುತ್ತವೆ. ಕೊನೆಗೆ ನಾಯಕನೂ ಇಲ್ಲ, ಎಚ್ಚರ ಇರುವವಳು ಮುದುಕಿ ಒಬ್ಬಳೇ. ಸ್ಟೂಲ್ ಎಳೆದುಕೊಂಡು ಕುಳಿತು ಮಾತಾಡತೊಡಗುತ್ತಾಳೆ. ಅಕ್ಕ, ನಾನು ಇಬ್ಬರೂ ಪರದೆಯ ಅಡಿಯನ್ನೇ ನೋಡುತ್ತಿದ್ದೆವು. ಏನೂ ಬರಲಿಲ್ಲ. ಹಿಂದಿನ ನಾಲ್ಕು ಭಾಗಗಳಲ್ಲಿ ಒಂದು ಕೆಮ್ಮಿಗೂ ಅನುವಾದ ಕೊಟ್ಟವರು ಇಲ್ಲಿ ಒಂದಕ್ಷರವನ್ನೂ ಕೊಟ್ಟಿರಲಿಲ್ಲ. ಏಳು ನಿಮಿಷ ಅವಳು ಮಾತಾಡುತ್ತಾಳೆ, ನಡುವೆ ಒಮ್ಮೆ ನಗುತ್ತಾಳೆ, ಎರಡನೇ ಲೋಟವನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಾಳೆ. ಅಮ್ಮ ಅವಳ ಮಾತಿಗೆ ಅಲ್ಲಲ್ಲಿ ಏನೋ ಉತ್ತರ ಕೊಡುತ್ತಿದ್ದಳು, ಫೋನಿನಲ್ಲಿ ತನ್ನ ತಂಗಿಯ ಜೊತೆ ಮಾತಾಡುತ್ತಿದ್ದ ಹಾಗೆ. ಪರದೆ ಕಪ್ಪಾಯಿತು.

"ಏನಂದ್ಳು ಅಕ್ಕಾ?" ಎಂದು ಕೇಳಿದೆ. ಯಾರ ಬಗ್ಗೆ ಕೇಳಿದೆನೋ ನನಗೇ ಗೊತ್ತಿಲ್ಲ.

"ಗೊತ್ತಿಲ್ಲ."

ಬುಧವಾರ ಡಾಕ್ಟರ ಮುಂದೆಯೂ ಅಕ್ಕ ಅದನ್ನೇ ಹೇಳಿದಳು. "ಅಮ್ಮನ ಇಷ್ಟ ಏನು ಅಂತ ನಮಗೆ ತಿಳಿಯೋದಿಲ್ಲ ಡಾಕ್ಟ್ರೇ. ನಿಮ್ಮ ತಾಯಿ ಆಗಿದ್ರೆ ಏನ್ ಮಾಡ್ತಿದ್ರೋ ಅದು ಮಾಡಿ." ಡಾಕ್ಟರ್ ಮಾಡಿಸುತ್ತಿದ್ದೆ ಎಂದರು. ಸಹಿ ಇಬ್ಬರೂ ಹಾಕಿದೆವು. ಆಪರೇಷನ್ನಿನ ದಿನ ಅಮ್ಮನನ್ನು ಒಳಗೆ ಕರೆದುಕೊಂಡು ಹೋಗುವಾಗ ಅವಳು ಅಕ್ಕನ ಕೈ ಹಿಡಿದು ಒಂದು ಉದ್ದನೆಯ ಮಾತು ಹೇಳಿದಳು. ಅಕ್ಕ ನನ್ನ ಕಡೆ ತಿರುಗಿ ಏನನ್ನೂ ಹೇಳಲಿಲ್ಲ. "ಹೂಂ ಅಮ್ಮಾ, ಹೂಂ," ಎಂದಳು, ಖಾಲಾ ಅನ್ನುವ ಹಾಗೆ.

ಆಪರೇಷನ್ ಚೆನ್ನಾಗಿ ಆಯಿತು ಎಂದರು. ರಕ್ತನಾಳ ಈಗ ಸರಿಯಿದೆ, ಸ್ಕ್ಯಾನ್‌ನಲ್ಲೂ ಹೊಸದಾಗಿ ಏನೂ ಕಾಣುತ್ತಿಲ್ಲ. ಆದರೆ ಆವತ್ತಿನಿಂದ ಅಮ್ಮ ಮಾತಾಡಿಲ್ಲ. ಕನ್ನಡವೂ ಇಲ್ಲ, ಆ ಇನ್ನೊಂದೂ ಇಲ್ಲ. ಕಾರಣ ಹೀಗೇ ಎಂದು ಹೇಳಲಾಗದು, ಕೆಲವರಿಗೆ ಹಾಗಾಗುತ್ತದೆ, ಕಾದು ನೋಡೋಣ ಎಂದು ಡಾಕ್ಟರ್ ಹೇಳಿದ್ದಾರೆ. ಊಟ ಮಾಡುತ್ತಾಳೆ. ಗೋಡೆ ಹಿಡಿದು ಬಚ್ಚಲಿಗೆ ಹೋಗಿ ಬರುತ್ತಾಳೆ. ಮಧ್ಯಾಹ್ನ ಖಾಲಾ ಬಂದು ಸೊಸೆಯನ್ನು ಬೈಯುತ್ತಾರೆ. ಬೈದು, ಉತ್ತರಕ್ಕೆ ಸ್ವಲ್ಪ ಕಾದು, ತಾವೇ ಮುಂದುವರಿಸುತ್ತಾರೆ.

ಇದನ್ನು ಬರೆಯುವ ಹೊತ್ತಿಗೆ ಐದು ವಾರಗಳಾದವು. ಪ್ರತಿ ದಿನದ ಮುಂದೆ ನಾನು ಒಂದು ಸೊನ್ನೆ ಬರೆಯುತ್ತಿದ್ದೆ, ಮೊನ್ನೆಯಿಂದ ಬಿಟ್ಟಿದ್ದೇನೆ. ಕಿಟಕಿ ಹಾಕಬೇಕೋ ಬೇಡವೋ ಹೇಳುವವರು ಯಾರೂ ಇಲ್ಲ. ತೆರೆದಿದ್ದರೆ ತೆರೆದೇ ಇರುತ್ತದೆ. ಅಕ್ಕ ಶಾಲೆಯಿಂದ ಬಂದು ಅಮ್ಮನ ಪಕ್ಕ ಕುಳಿತು ತನ್ನ ದಿನದ್ದನ್ನು ಹೇಳುತ್ತಾಳೆ, ಯಾವ ಮಗು ಏನು ಮಾಡಿತು, ಬಸ್ಸಿನಲ್ಲಿ ಯಾರು ಜಗಳವಾಡಿದರು ಎಂದು. ನಿನ್ನೆ ಸಂಜೆ ಅಕಾಲದಲ್ಲಿ ಎರಡು ಹನಿ ಬಿತ್ತು. ಅಕ್ಕ ಓಡಿಹೋಗಿ ಟೆರೇಸಿನಿಂದ ಬಟ್ಟೆ ತಂದಳು. "ಮಳೆ ಬಂತಮ್ಮ, ಎಲ್ಲಾ ಒಳಗೆ ತಂದಿದೀನಿ, ನೀನು ಏಳ್ಬೇಡ," ಎಂದಳು. ಅಮ್ಮ ಹೊದಿಕೆಯ ಅಂಚನ್ನು ಮಡಚಿ ಉಗುರಿನಿಂದ ಗೀರಿದಳು. ನಾವಿಬ್ಬರೂ ಅದನ್ನು ನೋಡಿದೆವು. ಅಕ್ಕ ಬಟ್ಟೆ ಮಡಚಲು ಕುಳಿತಳು.

ಈ ಸಿನಿಮಾ ಸರಣಿ ನೋಡಿದವರು ಇದನ್ನು ಓದುತ್ತಿದ್ದರೆ ಯಾವುದೆಂದು ನಿಮಗೆ ಗೊತ್ತಾಗಿರುತ್ತದೆ. ಐದನೇ ಭಾಗದ ಕೊನೆಯ ಏಳು ನಿಮಿಷಗಳ ಬಗ್ಗೆ ಇಂಟರ್ನೆಟ್ಟಿನಲ್ಲಿ ಸಿಕ್ಕಿದ್ದನ್ನೆಲ್ಲ ಓದಿದ್ದೇನೆ. ಹಳೆಯ ಮಾತುಗಳನ್ನೇ ಹಿಂದುಮುಂದು ಮಾಡಿ ಸೇರಿಸಿದ್ದಾರೆ ಎಂದು ಕೆಲವರು, ಆ ನಟಿ ಬಾಯಿಗೆ ಬಂದದ್ದನ್ನು ಹೇಳಿದ್ದಾಳೆ ಎಂದು ಕೆಲವರು. ಯಾರ ಹತ್ತಿರವೂ ಖಚಿತವಾದದ್ದಿಲ್ಲ. ಮುದುಕಿ ಏನು ಹೇಳುತ್ತಾಳೆ ಎಂದು ನಿಮಗೆ ತಿಳಿದಿದ್ದರೆ ದಯವಿಟ್ಟು ಪ್ರಕಾಶಕರ ವಿಳಾಸಕ್ಕೆ ಬರೆಯಿರಿ. ಸಿನಿಮಾ ನೋಡದವರೂ ಬರೆಯಬಹುದು, ನಿಮ್ಮ ಮನೆಯಲ್ಲೂ ಯಾರಾದರೂ ಹೀಗೆ ಮಾತಾಡಿ ಆಮೇಲೆ ನಿಲ್ಲಿಸಿದ್ದರೆ, ಅವರು ಮತ್ತೆ ಶುರು ಮಾಡಿದ್ದರೆ. ಎಷ್ಟು ದಿನಕ್ಕೆ ಎಂಬುದನ್ನೂ ತಿಳಿಸಿ.